ಜ್ವರ ಬಿಟ್ಟ ಮೇಲಿನ ದಿನಗಳು: ಮಲೆನಾಡಿನಲ್ಲಿ ಮಿದುಳಿಗೇರುವ ವೈರಸ್‌ಗಳು

(ಮಲೆನಾಡಿನ ಆಶಾ ಕಾರ್ಯಕರ್ತೆಯರು, ಅಡಿಕೆ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಈ ವಿಷಯ ಎತ್ತಿದಲ್ಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: "ಜ್ವರ ಮಿದುಳಿಗೇರಿದರೆ ಮದ್ದಿದೆಯಾ?" ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಿದುಳಿಗೆ ಇಳಿದ ವೈರಸ್ಸನ್ನು ನೇರವಾಗಿ ತಡೆಯುವ, ನೆಚ್ಚಿಕೊಳ್ಳಬಹುದಾದ ಔಷಧಿ ಇರುವುದು ಮುಖ್ಯವಾಗಿ ಹರ್ಪಿಸ್ ಗುಂಪಿನ ವೈರಸ್‌ಗಳಿಗೆ. ನಮ್ಮ ಮಂಗನ ಕಾಯಿಲೆಗೆ ಇಲ್ಲ, ಜಪಾನೀಸ್ ಎನ್ಸೆಫಲೈಟಿಸ್‌ಗೆ ಇಲ್ಲ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವವರು ಬೆರಳೆಣಿಕೆ.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಚರ್ಮ ದಾಟಿದ ಕೂಡಲೇ ಯಾವ ವೈರಸ್ಸೂ ಮಿದುಳು ಸೇರುವುದಿಲ್ಲ. ಕೆಲವಕ್ಕೆ ದಿನಗಳು ಬೇಕು, ಕೆಲವಕ್ಕೆ ವಾರಗಳು, ರೇಬಿಸ್‌ಗೆ ತಿಂಗಳುಗಳೇ ಹಿಡಿಯಬಹುದು. ಆ ನಡುವಿನ ಹೊತ್ತು ನಮ್ಮದು. ಯಾವ ಕಾಯಿಲೆಯಲ್ಲಿ ಆ ಹೊತ್ತು ಎಷ್ಟು, ಅದರಲ್ಲಿ ಮಾಡಬೇಕಾದ್ದೇನು, ಜನ ಎಡವುವುದೆಲ್ಲಿ, ಇಷ್ಟನ್ನೇ ಇವತ್ತು ಹೇಳುತ್ತೇನೆ.

ಮೂರು ಹೆಸರು ಗೊತ್ತಿದ್ದರೆ ಮುಂದಿನದು ಸುಲಭ. ಮಿದುಳನ್ನು ಸುತ್ತಿರುವ ಪೊರೆಗೆ ಉರಿಯೂತ ಬಂದರೆ ಮೆನಿಂಜೈಟಿಸ್, ಮಿದುಳಿಗೇ ಬಂದರೆ ಎನ್ಸೆಫಲೈಟಿಸ್, ಬೆನ್ನುಹುರಿಗೆ ಬಂದರೆ ಮಯಲೈಟಿಸ್. ಪೊರೆಯದ್ದಾದರೆ ತಲೆನೋವು, ವಾಂತಿ, ಬೆಳಕು ಕಂಡರೆ ಆಗದಿರುವುದು, ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಕುತ್ತಿಗೆ ಬಿಗಿ. ಆದರೆ ರೋಗಿ ಮಾತಾಡಿಸಿದರೆ ಸರಿಯಾಗಿಯೇ ಉತ್ತರಿಸುತ್ತಾರೆ. ಮಿದುಳಿಗೇ ಇಳಿದರೆ ಮನುಷ್ಯನ ಪರಿ ಬದಲಾಗುತ್ತದೆ. ಹೆಂಡತಿಯ ಹೆಸರು ತಪ್ಪಿ ಹೇಳುವುದು, ಕಾರಣವಿಲ್ಲದೆ ಸಿಟ್ಟು, ಹಗಲಿಡೀ ಮಂಪರು, ಹಾಸಿಗೆಯಲ್ಲಿ ಕೂತು ಗಾಳಿಯಲ್ಲಿ ಏನನ್ನೋ ಹಿಡಿಯುವುದು, ಫಿಟ್ಸ್. ಜ್ವರದ ಜೊತೆ ಇವುಗಳಲ್ಲಿ ಒಂದು ಕಂಡರೂ ಅದು "ಜ್ವರದ ಬಡಬಡಿಕೆ" ಎಂದು ರಾತ್ರಿ ಕಳೆಯುವ ವಿಷಯವಲ್ಲ. "ಮೈಮೇಲೆ ಬಂದಿದೆ" ಎಂದು ಬೇರೆ ಕಡೆ ಕರೆದೊಯ್ಯುವ ವಿಷಯವಂತೂ ಅಲ್ಲ.

ಈಗ ನಮ್ಮ ಮನೆಯ ಕಾಯಿಲೆಗೆ, ಅಂದರೆ ಮಂಗನ ಕಾಯಿಲೆಗೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಹುಟ್ಟಿದ ಗುಮಾನಿ ಹಳದಿ ಜ್ವರದ್ದು, ಯಾಕೆಂದರೆ ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ ವೈರಸ್ ಅಂದರೆ ಆಗ ನೆನಪಾಗುತ್ತಿದ್ದದ್ದು ಅದೇ. ಸಿಕ್ಕಿದ್ದು ಮಾತ್ರ ಹೊಸದು. ಅದರ ಹತ್ತಿರದ ನಂಟ ಇದ್ದದ್ದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್. ಇದು ಮಿದುಳಿನ ಕುಲದ ವೈರಸ್ ಎನ್ನುವುದನ್ನು ನಾವು ಆಗಾಗ ಮರೆಯುತ್ತೇವೆ; ಮಂಗನ ಕಾಯಿಲೆಯೆಂದರೆ ಜ್ವರ, ರಕ್ತಸ್ರಾವ ಅಷ್ಟೇ ಅಂದುಕೊಳ್ಳುತ್ತೇವೆ.

ಹಬ್ಬಿಸುವುದು ಉಣುಗು, ಅದರಲ್ಲೂ ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯದ್ದು. ಇದರ ಬದುಕು ಮೂರು ಹಂತದ್ದು, ಮೂರು ಹಂತದಲ್ಲೂ ಬೇರೆ ಬೇರೆ ಪ್ರಾಣಿಯ ರಕ್ತ ಬೇಕು. ಮಳೆಗಾಲದಲ್ಲಿ ಬಲಿತ ಉಣುಗು ದನದ ಮೈಮೇಲೆ ಇರುತ್ತದೆ, ರಕ್ತ ಕುಡಿದು ಕೆಳಗೆ ಬಿದ್ದು ಮೊಟ್ಟೆ ಇಡುತ್ತದೆ. ಮಳೆ ಹಿಂದೆ ಸರಿಯುತ್ತಿದ್ದಂತೆ ಆರು ಕಾಲಿನ ಮರಿಗಳು ಹೊರಟು ಇಲಿ, ಮೂಗಿಲಿ, ನೆಲದ ಹಕ್ಕಿಗಳನ್ನು ಹಿಡಿಯುತ್ತವೆ. ಅವೇ ಬೆಳೆದು ಎಂಟು ಕಾಲಿನ ನಿಂಫ್ ಆಗಿ ನವೆಂಬರ್‌ನಿಂದ ಮೇ ತನಕ ತರಗೆಲೆಯ ಮೇಲೆ ಕಾದಿರುತ್ತವೆ. ಮನುಷ್ಯರಿಗೂ ಮಂಗಗಳಿಗೂ ಕಚ್ಚಿ ಕಾಯಿಲೆ ದಾಟಿಸುವುದು ಹೆಚ್ಚಾಗಿ ಈ ನಿಂಫ್. ಗಾತ್ರ ಎಳ್ಳುಕಾಳಿನಷ್ಟು. ದನದ ಕಿವಿಯಲ್ಲಿ ಕಾಣುವ, ರಕ್ತ ಹೀರಿ ಊದಿದ ದೊಡ್ಡ ಉಣುಗನ್ನೇ ಹುಡುಕುವವರ ಕಣ್ಣಿಗೆ ಇದು ಬೀಳುವುದಿಲ್ಲ. "ನನಗೆ ಉಣುಗು ಕಚ್ಚಿಯೇ ಇಲ್ಲ" ಎಂದು ರೋಗಿ ಹೇಳಿದರೆ ಅದನ್ನು ನಂಬಿ ಪರೀಕ್ಷೆ ಬಿಡಬಾರದು ಎನ್ನುವುದು ಇದಕ್ಕೇ.

ನಿಂಫ್ ಹಸಿದು ಕೂತಿರುವ ತಿಂಗಳುಗಳೂ ನಮ್ಮ ಕೆಲಸದ ತಿಂಗಳುಗಳೂ ಒಂದೇ ಆಗಿರುವುದು ಮಲೆನಾಡಿನ ದುರದೃಷ್ಟ. ಕೊಟ್ಟಿಗೆಗೆ ದರಕು (ಒಣಗಿದ ತರಗೆಲೆ) ಗುಡಿಸುವುದು, ಸೊಪ್ಪಿನ ಬೆಟ್ಟಕ್ಕೆ ಹೋಗುವುದು, ಸೌದೆ ಕಡಿಯುವುದು, ದನ ಬಿಡುವುದು, ಎಲ್ಲ ಆಗಲೇ. ಕಾಯಿಲೆ ಜೋರಾಗುವುದು ಜನವರಿಯಿಂದ ಮಾರ್ಚ್. ಇನ್ನೊಂದು ಮಾತು: ಅಖಂಡ ಕಾಡಿನ ನಡುವೆಗಿಂತ ಕಾಡು ಕಡಿದು ತೋಟ, ಬ್ಯಾಣ (ಹುಲ್ಲುಗಾವಲು), ರಸ್ತೆ, ಮನೆ ಬೆರೆತ ಅಂಚುಗಳಲ್ಲಿ ಇದು ಹೆಚ್ಚು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ದೊಡ್ಡದಾಗಿ ಕಾಣಿಸಿಕೊಂಡದ್ದು ಗೇರು ತೋಟಕ್ಕಾಗಿ ಕಾಡು ಸವರಿದ ಮೇಲೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಹೆಸರು ಇಡೀ ರಾಜ್ಯಕ್ಕೆ ಗೊತ್ತಾಯಿತು. ಅಷ್ಟರೊಳಗೆ ಬಂಡೀಪುರ, ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗದಲ್ಲೂ ವೈರಸ್ ಸಿಕ್ಕಾಗಿತ್ತು. "ಶಿವಮೊಗ್ಗದ ಕಾಯಿಲೆ" ಅನ್ನುವ ಕಾಲ ಹೋಯಿತು.

ಇದರಲ್ಲಿ ನಮ್ಮ ಕೈಲಿರುವ ಹೊತ್ತು ಎರಡು ತುಂಡಾಗಿ ಬರುತ್ತದೆ. ಮೊದಲನೆಯದು ಉಣುಗು ಹತ್ತುವ ಮೊದಲು. ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಹಂಚುವ, ಉಣುಗನ್ನು ದೂರವಿಡುವ ಡೇಪಾ ತೈಲವನ್ನು ಹೊರಡುವ ಮುಂಚೆಯೇ ಕೈ, ಕಾಲು, ಕುತ್ತಿಗೆಗೆ ಹಚ್ಚಬೇಕು. ಕಾಡಿನಲ್ಲಿ ಉಣುಗು ಕಂಡ ಮೇಲೆ ಹಚ್ಚಿದರೆ ಪ್ರಯೋಜನ ಅರ್ಧ. ಬೆವರಿದಂತೆ ಅದು ಇಳಿದುಹೋಗುತ್ತದೆ, ಬೆಳಿಗ್ಗೆ ಹಚ್ಚಿದ್ದು ಸಂಜೆಯ ತನಕ ಕಾಯುವುದಿಲ್ಲ, ಮತ್ತೆ ಹಚ್ಚಬೇಕು. ಕಣ್ಣಿಗೆ, ಬಾಯಿಗೆ, ಗಾಯಕ್ಕೆ ತಾಗಬಾರದು. ತಿಳಿ ಬಣ್ಣದ ತುಂಬುತೋಳಿನ ಅಂಗಿ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ. ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ ದರಕು ತುಳಿದರೆ ತೈಲ ಒಂದೇ ಏನೂ ಮಾಡಲಾರದು. ಮನೆಗೆ ಬಂದವರು ಬಟ್ಟೆಯನ್ನು ಹೊರಗೇ ಕಳಚಿ ಬಿಸಿನೀರಿಗೆ ಹಾಕಬೇಕು, ಸೋಪು ಹಚ್ಚಿ ಬಿಸಿನೀರಲ್ಲಿ ಮೀಯಬೇಕು, ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಬೇಕು. ಕಚ್ಚಿಕೊಂಡದ್ದು ಸಿಕ್ಕಿದರೆ ಸಣ್ಣ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೀಡಿಯಿಂದ ಸುಡುವುದು, ಉಗುರಿನಲ್ಲಿ ಕುಕ್ಕಿ ಸಾಯಿಸುವುದು ಬೇಡ. ಹಿಂಸೆಯಾದ ಉಣುಗು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು, ಅಪ್ಪಚ್ಚಿಯಾದರೆ ಅದರ ರಸ ನಿಮ್ಮ ಬೆರಳಿಗೆ ಮೆತ್ತುತ್ತದೆ.

ದನಗಳಿಗೆ ಈ ಕಾಯಿಲೆ ಬರುವುದಿಲ್ಲ ಎಂದು ಸುಮ್ಮನಿರುವಂತಿಲ್ಲ. ಬಲಿತ ಉಣುಗಿಗೆ ಅವೇ ಊಟ, ಅವೇ ವಾಹನ. ಪಶು ವೈದ್ಯರ ಸಲಹೆಯಂತೆ ಉಣುಗು ನಿವಾರಕ ಔಷಧಿ ಹಾಕಿಸಿದರೆ ಮುಂದಿನ ವರ್ಷದ ನಿಂಫ್‌ಗಳ ಲೆಕ್ಕ ಇಳಿಯುತ್ತದೆ.

ಸತ್ತ ಮಂಗದ ವಿಷಯ ಸ್ವಲ್ಪ ನಾಜೂಕಿನದು. ಮುಸಿಯ (ಕಪ್ಪು ಮೋರೆಯ ಮಂಗ) ಸತ್ತರೆ ಹೂ ಹಾಕಿ, ಹೊತ್ತು ತಂದು, ಮಣ್ಣು ಮಾಡುವ ರೂಢಿ ನಮ್ಮಲ್ಲಿದೆ. ಹನುಮಂತನ ಮೇಲಿನ ಭಕ್ತಿಗೆ ನಾನು ಅಡ್ಡ ಬರುವುದಿಲ್ಲ, ಆದರೆ ಕೈಮುಗಿಯುವುದು ದೂರದಿಂದ ಆಗಲಿ. ಹೆಣ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿದ್ದ, ವೈರಸ್ ಹೊತ್ತ ಉಣುಗುಗಳೆಲ್ಲ ಇಳಿದು ಸುತ್ತಲಿನ ನೆಲಕ್ಕೆ ಹರಡುತ್ತವೆ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಡುವ ಕೆಲಸ ಮಾಡಿದ್ದ ಅರಣ್ಯ ಸಿಬ್ಬಂದಿಗೇ ಸೋಂಕು ತಗುಲಿತ್ತು. ಮಂಗ ಸತ್ತದ್ದು ಕಂಡರೆ ಅರಣ್ಯ ಇಲಾಖೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅದೇ ದಿನ ತಿಳಿಸಿ. ಅವರು ರಕ್ಷಣಾ ಉಡುಪಿನಲ್ಲಿ ಬಂದು ಮಾದರಿ ತೆಗೆದು, ಹೆಣ ಸುಟ್ಟು, ಸುತ್ತ 50 ಅಡಿಯವರೆಗೆ ಮೆಲಾಥಿಯಾನ್ ಕೀಟನಾಶಕದ ಪುಡಿ ಎರಚುತ್ತಾರೆ. ಆ ಜಾಗಕ್ಕೆ ದರಕಿಗೆ ಹೋಗಬೇಡಿ, ದನವನ್ನೂ ಅಟ್ಟಬೇಡಿ.

ಎರಡನೆಯ ತುಂಡು ಜ್ವರ ಬಂದ ಮೇಲಿನದು. ಕಚ್ಚಿದ ಸುಮಾರು 3ರಿಂದ 8 ದಿನಕ್ಕೆ ಒಮ್ಮೆಲೇ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡ ಹಿಂಡುವ ನೋವು, ಕೆಂಪು ಕಣ್ಣು. ಮೂರ್ನಾಲ್ಕು ದಿನಕ್ಕೆ ವಾಂತಿ, ಭೇದಿ. ಬಾಯಿ ತೆರೆಸಿ ನೋಡಿದರೆ ಅಂಗುಳಿನ ಹಿಂಭಾಗದಲ್ಲಿ ಸಣ್ಣ ಗುಳ್ಳೆಗಳು ಕಾಣಬಹುದು. ಕೆಲವರಿಗೆ ವಸಡು, ಮೂಗು, ಕರುಳಿನಿಂದ ರಕ್ತ. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣವೂ ಪ್ಲೇಟ್‌ಲೆಟ್ಟೂ ಕುಸಿದಿರುತ್ತವೆ. ಡೆಂಗಿಯಲ್ಲೂ ಹೀಗೇ ಅಲ್ಲವಾ ಅಂದರೆ ಹೌದು, ಹೀಗೇ. ಬೇಸಿಗೆಯ ಮಲೆನಾಡಿನಲ್ಲಿ ಡೆಂಗಿ ಪರೀಕ್ಷೆ ನೆಗೆಟಿವ್ ಬಂತೆಂದು ರೋಗಿಯನ್ನು ಮನೆಗೆ ಕಳಿಸುವ ಮೊದಲು ಕೆಎಫ್‌ಡಿ (ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಇದೇ ಮಂಗನ ಕಾಯಿಲೆ) ಪರೀಕ್ಷೆಗೂ ರಕ್ತ ಹೋಗಬೇಕು. ಈ ಕಾಯಿಲೆಯ ಅನುಕೂಲವೊಂದಿದೆ: ವೈರಸ್ ರಕ್ತದಲ್ಲಿ ಹತ್ತು ದಿನಕ್ಕೂ ಮಿಕ್ಕಿ ಉಳಿಯುತ್ತದೆ. ಹಾಗಾಗಿ ಮೊದಲ ವಾರದಲ್ಲಿ ಆರ್‌ಟಿ-ಪಿಸಿಆರ್ ಚೆನ್ನಾಗಿ ಹಿಡಿಯುತ್ತದೆ, ಐದನೇ ದಿನದ ಆಚೆ ದೇಹದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಯೂ ನೆರವಿಗೆ ಬರುತ್ತದೆ. ಆಶಾ ಮತ್ತು ಲ್ಯಾಬ್ ಸಿಬ್ಬಂದಿಗೆ ಒಂದು ಸೂಚನೆ: ಮಾದರಿ 2ರಿಂದ 8 ಡಿಗ್ರಿಯಲ್ಲಿ, ಮೂರು ಪದರದ ಪ್ಯಾಕಿಂಗಿನಲ್ಲಿ ಹೋಗಬೇಕು, ಚೀಟಿಯಲ್ಲಿ ಜ್ವರ ಶುರುವಾದ ದಿನಾಂಕ ಇರಬೇಕು. ಆ ದಿನಾಂಕ ಇಲ್ಲದಿದ್ದರೆ ಯಾವ ಪರೀಕ್ಷೆ ನಂಬಬೇಕು ಎನ್ನುವುದೇ ಶಿವಮೊಗ್ಗದ ವೈರಸ್ ಪ್ರಯೋಗಾಲಯದವರಿಗೆ ತಿಳಿಯುವುದಿಲ್ಲ.

ಇಲ್ಲಿ ಆಗುವ ಅನಾಹುತ ಹೆಚ್ಚಾಗಿ ಸೂಜಿಯದ್ದು. "ಒಂದು ಇಂಜೆಕ್ಷನ್ ಹಾಕಿ, ನಾಳೆ ಕೆಲಸಕ್ಕೆ ಹೋಗಬೇಕು" ಅನ್ನುತ್ತೇವೆ, ಸೊಂಟಕ್ಕೆ ಡೈಕ್ಲೋಫೆನಾಕ್ ಬೀಳುತ್ತದೆ. ಪ್ಲೇಟ್‌ಲೆಟ್ ಇಳಿದವರಿಗೆ ಆ ಸೂಜಿ ಹೋದಲ್ಲಿ ರಕ್ತ ತುಂಬಿಕೊಳ್ಳುತ್ತದೆ, ಆ ಔಷಧಿ ಜಠರದಲ್ಲಿ ರಕ್ತ ಸೋರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಆಸ್ಪಿರಿನ್, ಐಬುಪ್ರೊಫೇನ್ ಕೂಡ ಅದೇ ಸಾಲಿನವು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ: ದೊಡ್ಡವರಿಗೆ ಒಂದು ಬಾರಿಗೆ 500ರಿಂದ 650 ಮಿ.ಗ್ರಾಂ., ಮಕ್ಕಳಿಗೆ ಕಿಲೋ ತೂಕಕ್ಕೆ 10ರಿಂದ 15 ಮಿ.ಗ್ರಾಂ., ಆರು ತಾಸಿಗೊಮ್ಮೆ. ಗಂಜಿ, ಓಆರ್‌ಎಸ್, ಎಳನೀರು. ಮೂತ್ರ ಕಡಿಮೆಯಾದರೆ, ಎದ್ದರೆ ಕಣ್ಣು ಕತ್ತಲೆ ಬಂದರೆ, ಎಲ್ಲಾದರೂ ರಕ್ತ ಕಂಡರೆ ದಾಖಲಾಗಲೇಬೇಕು.

ನಾನು ಇವತ್ತು ಒತ್ತಿ ಹೇಳಬೇಕೆಂದಿರುವುದು ಇದರ ನಂತರದ್ದು. ವಾರ, ಹತ್ತು ದಿನಕ್ಕೆ ಜ್ವರ ಬಿಡುತ್ತದೆ. ಹೆಚ್ಚಿನವರು ಸುಸ್ತಿನಲ್ಲೇ ನಿಧಾನ ಚೇತರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಒಂದೆರಡು ವಾರದ ಬಿಡುವಿನ ಬಳಿಕ ಜ್ವರ ಮರಳುತ್ತದೆ, ಈ ಬಾರಿ ಮಿದುಳಿನ ಲಕ್ಷಣಗಳ ಜೊತೆ: ವಿಪರೀತ ತಲೆನೋವು, ಕುತ್ತಿಗೆ ಬಿಗಿ, ಕೈನಡುಕ, ತಲೆಸುತ್ತು, ಕಣ್ಣು ಮಂಜು, ಗಲಿಬಿಲಿ. ಅಷ್ಟರಲ್ಲಿ ಆಸ್ಪತ್ರೆಯ ಚೀಟಿ ಕಳೆದುಹೋಗಿರುತ್ತದೆ, ಹೊಸ ವೈದ್ಯರಿಗೆ ಹಳೆಯ ಜ್ವರದ ಸುದ್ದಿಯೇ ಗೊತ್ತಿರುವುದಿಲ್ಲ, ಮನೆಯವರು "ನಿಶ್ಶಕ್ತಿ" ಅಂದುಕೊಂಡಿರುತ್ತಾರೆ. ಜ್ವರ ಬಿಟ್ಟ ದಿನದಿಂದ ಮೂರು ವಾರ ಆ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಬರಬೇಕು. ಕೇಳಬೇಕಾದ್ದು ಇಷ್ಟು: ಜ್ವರ ಮತ್ತೆ ಬಂತಾ, ಗದ್ದ ಎದೆಗೆ ತಾಗುತ್ತಾ, ಲೋಟ ಹಿಡಿದರೆ ಕೈ ನಡುಗುತ್ತಾ, ಇವತ್ತು ಯಾವ ವಾರ ಅಂತ ಹೇಳ್ತಾರಾ. ಈ ಮೂರು ವಾರ ಬೈಕ್ ಬೇಡ, ಅಡಿಕೆ ಮರ ಹತ್ತುವುದಂತೂ ಬೇಡವೇ ಬೇಡ. ಒಟ್ಟಾರೆ ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ ಎನ್ನುವುದು ಸಾಮಾನ್ಯ ಲೆಕ್ಕ.

ಲಸಿಕೆಯ ವಿಷಯ ಕೇಳುವಿರಿ. ಹಳೆಯ ಲಸಿಕೆ ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷ ವರ್ಷ ಬೂಸ್ಟರ್ ಬೇಡುತ್ತಿತ್ತು. ಚುಚ್ಚಿದಲ್ಲಿ ನೋವು ಜಾಸ್ತಿ, ಹಾಗಾಗಿ ಎರಡನೆಯದಕ್ಕೇ ಜನ ತಪ್ಪಿಸಿಕೊಳ್ಳುತ್ತಿದ್ದರು. ಎರಡು ಡೋಸಿನ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಶೇ. 83 ಎಂದು ನಮ್ಮ ಜಿಲ್ಲೆಗಳ ದಾಖಲೆಗಳಿಂದ ತಿಳಿದಿತ್ತು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ತೋಳಿಗೆ ಬರುವ ತನಕ ಡೇಪಾ ಬಾಟಲಿಯನ್ನು ಕಿಟಕಿಯ ಮೇಲೆ ಒಣಗಿಸಬೇಡಿ.

ಆಸ್ಪತ್ರೆಯಲ್ಲಿ ಕುಟುಂಬದವರು ಹೆಚ್ಚು ಹೆದರುವುದು "ಬೆನ್ನಿನಿಂದ ನೀರು ತೆಗೆಯುವ" ಪರೀಕ್ಷೆಗೆ. ಸಹಿ ಹಾಕಲು ಊರಿನಿಂದ ದೊಡ್ಡಪ್ಪ ಬರಲಿ ಎಂದು ಅರ್ಧ ದಿನ ಕಳೆಯುತ್ತಾರೆ. ಬೆನ್ನುಹುರಿ ಮುಗಿಯುವುದು ಸೊಂಟದ ಮೊದಲ ಅಥವಾ ಎರಡನೇ ಕಶೇರುವಿನ ಮಟ್ಟದಲ್ಲಿ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕು ಅಥವಾ ನಾಲ್ಕು-ಐದನೆಯ ಕಶೇರುಗಳ ನಡುವೆ. ಅಲ್ಲಿ ಹುರಿಯೇ ಇಲ್ಲ, ಚುಚ್ಚಿದ್ದರಿಂದ ಕಾಲು ಬಿದ್ದುಹೋಗುತ್ತದೆ ಎಂಬ ಭಯಕ್ಕೆ ಬುಡವಿಲ್ಲ. ಮಿದುಳು, ಬೆನ್ನುಹುರಿಯ ಸುತ್ತಲಿನ ಆ ದ್ರವ ದೊಡ್ಡವರ ದೇಹದಲ್ಲಿ ಸುಮಾರು 150 ಮಿ.ಲೀ. ಇರುತ್ತದೆ, ದಿನಕ್ಕೆ 500 ಮಿ.ಲೀ.ನಷ್ಟು ಹೊಸದು ತಯಾರಾಗುತ್ತದೆ. ತೆಗೆದ ಹತ್ತು ಮಿ.ಲೀ. ಅರ್ಧ ತಾಸಿನಲ್ಲಿ ಭರ್ತಿ. ಒಂದೆರಡು ದಿನ ತಲೆನೋವು ಬರಬಹುದು, ನಿಜ.

ಅದರಿಂದ ಸಿಗುವುದು ಮಾತ್ರ ದೊಡ್ಡದು. ಆರೋಗ್ಯವಂತರ ದ್ರವದಲ್ಲಿ ಬಿಳಿ ಕಣಗಳು ಮೈಕ್ರೋಲೀಟರಿಗೆ ಐದರೊಳಗೆ. ವೈರಸ್ ಆದರೆ ಹತ್ತಾರು, ನೂರಾರು ಲಿಂಫೋಸೈಟ್ ಎಂಬ ಬಿಳಿ ಕಣಗಳು, ಪ್ರೋಟೀನ್ ತುಸು ಏರಿಕೆ, ಸಕ್ಕರೆ ಮಾಮೂಲು. ಬ್ಯಾಕ್ಟೀರಿಯಾ ಆದರೆ ಸಾವಿರಾರು ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು, ಸಕ್ಕರೆ ಪಾತಾಳಕ್ಕೆ. ಕ್ಷಯ ಆದರೆ ಲಿಂಫೋಸೈಟೇ, ಆದರೆ ಸಕ್ಕರೆ ಇಳಿದಿರುತ್ತದೆ, ಪ್ರೋಟೀನ್ ಬಹಳ ಏರಿರುತ್ತದೆ. ಸಕ್ಕರೆಯನ್ನು ಅದೇ ಹೊತ್ತಿನ ರಕ್ತದ ಸಕ್ಕರೆಯ ಜೊತೆ ತೂಗಿ ನೋಡಬೇಕು, ಸುಮಾರು ಮೂರರಲ್ಲಿ ಎರಡು ಪಾಲು ಇರಬೇಕು. ರಕ್ತದ ಸಕ್ಕರೆ ನೋಡದೆ ಓದಿದರೆ ಮಧುಮೇಹಿಗಳಲ್ಲಿ ಮೋಸ ಹೋಗುತ್ತೇವೆ. ಎಲ್ಲರಿಗೂ ತಕ್ಷಣ ಸೂಜಿ ಹಾಕುವಂತಿಲ್ಲ ಕೂಡ. ಒಂದು ಪಕ್ಕದ ಕೈಕಾಲು ಸೋತಿದ್ದರೆ, ಪ್ರಜ್ಞೆ ಇಳಿಯುತ್ತಿದ್ದರೆ ಮೊದಲು ಸಿಟಿ ಸ್ಕ್ಯಾನ್. ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕೆಳಗಿದ್ದರೆ ವೈದ್ಯರು ಹಿಂದೆಮುಂದೆ ನೋಡುತ್ತಾರೆ, ಮಂಗನ ಕಾಯಿಲೆಯಲ್ಲಿ ಇದು ನಿಜವಾದ ತೊಡಕು.

ಪರೀಕ್ಷೆ ತಡವಾಗುತ್ತದೆ ಎಂದರೆ ಚಿಕಿತ್ಸೆ ತಡವಾಗಬಾರದು. ಇಲ್ಲಿಯೇ ಹರ್ಪಿಸ್ ಬರುವುದು. ತುಟಿಯ ಅಂಚಲ್ಲಿ ಗುಳ್ಳೆ ಎಬ್ಬಿಸುವ ಅದೇ ವೈರಸ್ ಅಪರೂಪಕ್ಕೆ ಮಿದುಳಿನ, ಕಿವಿಯ ನೇರದ ಟೆಂಪೊರಲ್ ಭಾಗಕ್ಕೆ ಇಳಿಯುತ್ತದೆ. ಋತು ಇಲ್ಲ, ಕಾಡು ಇಲ್ಲ, ಸೊಳ್ಳೆ ಇಲ್ಲ, ಯಾರಿಗೂ ಯಾವಾಗಲೂ ಬರಬಹುದು. ಎರಡು ಮೂರು ದಿನದ ಜ್ವರ, ಆಮೇಲೆ ವಿಚಿತ್ರ ನಡವಳಿಕೆ, ಇಲ್ಲದ ವಾಸನೆ ಬರುತ್ತಿದೆ ಅನ್ನುವುದು, ಮಾತು ತಡವರಿಕೆ, ಫಿಟ್ಸ್. ಮನೋರೋಗವೆಂದು ದಾರಿ ತಪ್ಪುವ ರೋಗಿಗಳು ಈ ಗುಂಪಿನಲ್ಲೇ ಸಿಗುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ನೂರಕ್ಕೆ ಎಪ್ಪತ್ತು ಮಂದಿ ಉಳಿಯುವುದಿಲ್ಲ. ಔಷಧಿ ಅಸೈಕ್ಲೋವಿರ್: ದೊಡ್ಡವರಿಗೆ ಕಿಲೋ ತೂಕಕ್ಕೆ 10 ಮಿ.ಗ್ರಾಂ., ಅಂದರೆ 60 ಕಿಲೋದವರಿಗೆ 600 ಮಿ.ಗ್ರಾಂ., ಎಂಟು ತಾಸಿಗೊಮ್ಮೆ ನರಕ್ಕೆ, 14ರಿಂದ 21 ದಿನ. ಒಂದು ತಾಸಿನಲ್ಲಿ ನಿಧಾನ ಹನಿಸಬೇಕು, ಸಲೈನ್ ಸಾಕಷ್ಟು ಇರಬೇಕು. ಅವಸರದಲ್ಲಿ ತಳ್ಳಿದರೆ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಮಾತ್ರೆ ನುಂಗಿದರೆ ಸಾಲದು, ಮಿದುಳಿಗೆ ಬೇಕಾದಷ್ಟು ಮಟ್ಟ ಅದರಿಂದ ಬರುವುದಿಲ್ಲ. ಮೊದಲ ಮೂರು ದಿನದಲ್ಲಿ ತೆಗೆದ ದ್ರವದ ಪಿಸಿಆರ್ ನೆಗೆಟಿವ್ ಬರಬಹುದು. ಅನುಮಾನ ಬಲವಾಗಿದ್ದರೆ ಔಷಧಿ ನಿಲ್ಲಿಸದೆ ಕೆಲ ದಿನ ಬಿಟ್ಟು ಮತ್ತೆ ಪರೀಕ್ಷೆ. ಜಿಲ್ಲಾ ಆಸ್ಪತ್ರೆಯಿಂದ ಮಣಿಪಾಲಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸುವಾಗ ಮೊದಲ ಡೋಸ್ ಇಲ್ಲೇ ಬಿದ್ದಿರಬೇಕು. ಆಗುಂಬೆ ಘಾಟಿ ಇಳಿಯುವ ಹೊತ್ತೂ ಹೊತ್ತೇ.

ವೈರಸ್ ಅಲ್ಲದ ಒಬ್ಬ ವೇಷಧಾರಿಯನ್ನೂ ಇಲ್ಲಿ ಹೆಸರಿಸಬೇಕು: ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಕೆಂಪು ಮರಿಹುಳ ಕಚ್ಚಿ ಬರುವ ಬ್ಯಾಕ್ಟೀರಿಯಾ ಜ್ವರ, ಇದೂ ಮಿದುಳಿಗೇರುತ್ತದೆ. ಗೋರಖಪುರದಲ್ಲಿ ವರ್ಷಗಟ್ಟಲೆ ಜಪಾನೀಸ್ ಎನ್ಸೆಫಲೈಟಿಸ್ ಎಂದೇ ಎಲ್ಲ ಮಕ್ಕಳ ಜ್ವರವನ್ನೂ ನೋಡಿದ ಮೇಲೆ, ಅದರಲ್ಲಿ ದೊಡ್ಡ ಪಾಲು ಸ್ಕ್ರಬ್ ಟೈಫಸ್ ಎಂದು ಗೊತ್ತಾಯಿತು. ಕಂಕುಳು, ತೊಡೆಸಂದು, ಸ್ತನದ ಕೆಳಗೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಹುಡುಕಿ. ಬಟ್ಟೆ ಬಿಚ್ಚಿಸದೆ ನೋಡಿದರೆ ಸಿಗುವುದೇ ಇಲ್ಲ. ಡಾಕ್ಸಿಸೈಕ್ಲಿನ್‌ಗೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುವ ಕಾಯಿಲೆ ಇದು; ಇದನ್ನು ಬಿಟ್ಟುಬಿಡುವುದಕ್ಕಿಂತ ದೊಡ್ಡ ನಷ್ಟ ಇಲ್ಲ.

ಜಪಾನೀಸ್ ಎನ್ಸೆಫಲೈಟಿಸ್ ಗದ್ದೆಯ ಕಾಯಿಲೆ. ನಿಂತ ನೀರಿನ ಭತ್ತದ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ, ಬೆಳ್ಳಕ್ಕಿ ಮತ್ತು ಹಂದಿ, ಈ ಮೂರರ ನಡುವೆ ವೈರಸ್ ಸುತ್ತುತ್ತಿರುತ್ತದೆ. ಮನುಷ್ಯ ಇದರಲ್ಲಿ ಕೊನೆಯ ನಿಲ್ದಾಣ, ನಮ್ಮಿಂದ ಮುಂದಕ್ಕೆ ಹೋಗುವುದಿಲ್ಲ. ಸೋಂಕು ತಗುಲಿದ ಸುಮಾರು 250ರಲ್ಲಿ ಒಬ್ಬರಿಗೆ ಮಾತ್ರ ತೀವ್ರ ಕಾಯಿಲೆ. ಆದರೆ ಅಂಥವರಲ್ಲಿ ನೂರಕ್ಕೆ 30ರವರೆಗೆ ಸಾವು, ಉಳಿದವರಲ್ಲೂ ಹಲವರಿಗೆ ಕೈಕಾಲು ಸೆಟೆತ, ಮಾತಿನ ತೊಂದರೆ, ಫಿಟ್ಸ್ ಉಳಿದುಬಿಡುತ್ತದೆ. ಮದ್ದಿಲ್ಲ, ಲಸಿಕೆ ಇದೆ. ಕಾಯಿಲೆ ಇರುವ ಜಿಲ್ಲೆಗಳಲ್ಲಿ 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಭಾರತದ್ದೇ ಒಂದು ಲಸಿಕೆಗೆ ಬಳಸಿದ ವೈರಸ್ ತಳಿ ಸಿಕ್ಕಿದ್ದು ನಮ್ಮ ಕೋಲಾರದಲ್ಲಿ. ಈ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ, ಹಾಗಾಗಿ ಹಗಲಿನ ಡೆಂಗಿ ಸೊಳ್ಳೆಗೆ ಮಾಡುವ ಎಚ್ಚರ ಇದಕ್ಕೆ ಸಾಲದು. ಮಕ್ಕಳಿಗೆ ಸೊಳ್ಳೆಪರದೆ, ಹಂದಿಗೂಡು ಮನೆಯಿಂದ ದೂರ.

ರೇಬಿಸ್‌ನಲ್ಲಿ ನಮಗೆ ಸಿಗುವಷ್ಟು ಹೊತ್ತು ಬೇರೆ ಯಾವುದರಲ್ಲೂ ಸಿಗುವುದಿಲ್ಲ, ಕಳೆದುಕೊಳ್ಳುವುದೂ ಅಷ್ಟೇ ಸಲೀಸು. ಕಚ್ಚಿದಲ್ಲಿಂದ ವೈರಸ್ ರಕ್ತಕ್ಕೆ ಹೋಗದೆ ನರ ಹಿಡಿದು ತೆವಳುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಮುಖ, ಕುತ್ತಿಗೆ, ಬೆರಳ ತುದಿಗೆ ಕಚ್ಚಿದರೆ ಬೇಗ. ಮೊದಲ ಕೆಲಸ ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯುವುದು. ಗಡಿಯಾರ ನೋಡಿ ತೊಳೆಯಿರಿ, ಅಂದಾಜಿನಲ್ಲಿ ಎಲ್ಲರೂ ಎರಡು ನಿಮಿಷಕ್ಕೆ ಮುಗಿಸುತ್ತಾರೆ. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಯಾವುದೂ ಬೇಡ. ಹೊಲಿಗೆಗೆ ಆತುರ ಬೇಡ. ಲಸಿಕೆ ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಎರಡೂ ತೋಳಿಗೆ 0.1 ಮಿ.ಲೀ.ನಂತೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ ಪೃಷ್ಠಕ್ಕೆ ಬೇಡ, ಅಲ್ಲಿನ ಕೊಬ್ಬಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ರಕ್ತ ಬಂದ ಗಾಯಕ್ಕೆ ಲಸಿಕೆಯೊಂದೇ ಸಾಲದು. ಲಸಿಕೆಗೆ ದೇಹ ಎದ್ದು ನಿಲ್ಲಲು ವಾರದ ಮೇಲೆ ಬೇಕು. ಆ ತನಕ ವೈರಸ್ಸನ್ನು ಗಾಯದಲ್ಲೇ ಕಟ್ಟಿಹಾಕಲು ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕು. ಮನುಷ್ಯ ಮೂಲದ್ದಾದರೆ ಕಿಲೋಗೆ 20 ಯೂನಿಟ್, ಕುದುರೆ ಮೂಲದ್ದಾದರೆ 40 ಯೂನಿಟ್ ಮೀರದಂತೆ, ಗಾಯದ ಒಳಗೆ ಮತ್ತು ಸುತ್ತ. ಮೊದಲ ಲಸಿಕೆಯ ದಿನವೇ, ತಪ್ಪಿದರೆ ಏಳು ದಿನದೊಳಗೆ. ಲಸಿಕೆ ಹಾಕಿಸಿಯೂ ರೇಬಿಸ್ ಬಂತು ಎನ್ನುವ ಸುದ್ದಿಗಳನ್ನು ಕೆದಕಿದರೆ ಹೆಚ್ಚಿನವುಗಳಲ್ಲಿ ಇದು ತಪ್ಪಿರುತ್ತದೆ, ಇಲ್ಲವೇ ಗಾಯ ತೊಳೆದಿರುವುದಿಲ್ಲ. ನಾಯಿ, ಬೆಕ್ಕನ್ನು ಹತ್ತು ದಿನ ಗಮನಿಸಬೇಕು ಸರಿ, ಆದರೆ ಗಮನಿಸುತ್ತ ಚಿಕಿತ್ಸೆ ಮುಂದೂಡುವಂತಿಲ್ಲ. ಕಾಡುಪ್ರಾಣಿ, ಮಂಗ ಕಚ್ಚಿದರೆ ಹತ್ತು ದಿನದ ಲೆಕ್ಕ ಅನ್ವಯಿಸುವುದೇ ಇಲ್ಲ. ಕೊಟ್ಟಿಗೆಯವರಿಗೆ ಒಂದು ಎಚ್ಚರಿಕೆ: ದನ ಜೊಲ್ಲು ಸುರಿಸುತ್ತ, ವಿಚಿತ್ರವಾಗಿ ಕೂಗುತ್ತ, ಮೇವು ನುಂಗಲಾಗದೆ ನಿಂತರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬರಿಗೈ ಹಾಕಬೇಡಿ. ಅದು ರೇಬಿಸ್ ಆಗಿರಬಹುದು.

ದಡಾರ ಬಂದು ಹೋದ ಆರೆಂಟು ವರ್ಷಕ್ಕೆ ಓದಿನಲ್ಲಿ ಹಿಂದೆ ಬೀಳುವ, ಕೂತಲ್ಲೇ ಬೆಚ್ಚಿಬೀಳುವ ಮಕ್ಕಳ ಕಾಯಿಲೆ ಎಸ್‌ಎಸ್‌ಪಿಇ, ಮಿದುಳಲ್ಲಿ ಉಳಿದ ದಡಾರದ ವೈರಸ್ಸಿನದೇ ಕೆಲಸ. ದಡಾರದ ಎರಡು ಡೋಸ್ ಲಸಿಕೆಯೇ ಅದಕ್ಕೆ ತಡೆ. ಬಾವಲಿಯಿಂದ ಬರುವ, ಮಿದುಳಿಗೂ ಏರುವ ನಿಫಾ ವೈರಸ್ 2018ರಲ್ಲಿ ಕೋಝಿಕ್ಕೋಡಿಗೆ ಬಂತು. ಹಕ್ಕಿ, ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ ಎನ್ನುವುದು ಪೇರಲೆ ಮರದಡಿಯ ಮಕ್ಕಳಿಗೂ ತಿಳಿದಿರಲಿ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಹಲ್ಲಿನ ನಡುವೆ ಚಮಚ, ಇವೆಲ್ಲ ಬಿಡಿ. ಎಡಮಗ್ಗುಲಿಗೆ ಹೊರಳಿಸಿ, ತಲೆಯಡಿ ಮಡಿಸಿದ ಬಟ್ಟೆ ಇಡಿ, ಸಮಯ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ 108. ಪ್ರಜ್ಞೆ ಸರಿ ಬರುವ ತನಕ ನೀರು ಕುಡಿಸಬೇಡಿ.

ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು.

ಮಂಗನ ಕಾಯಿಲೆಯವರ ಜೊತೆ ಒಂದೇ ಮನೆಯಲ್ಲಿರಬಹುದಾ? ಇರಬಹುದು. ಮನುಷ್ಯರಿಂದ ಮನುಷ್ಯರಿಗೆ ಹರಡಿದ ದಾಖಲೆ ಇಲ್ಲ. ಮನೆಯಲ್ಲಿ ಇಬ್ಬರಿಗೆ ಬಂದಿದ್ದರೆ ಇಬ್ಬರೂ ಒಂದೇ ಬೆಟ್ಟಕ್ಕೆ ಹೋಗಿದ್ದರು ಎಂದರ್ಥ.

ಹುಚ್ಚುನಾಯಿ ಕಚ್ಚಿದ ಹಸುವಿನ ಹಾಲು ಕುಡಿದಿದ್ದೇವೆ, ಏನು ಮಾಡುವುದು? ಕುದಿಸಿದ್ದಾದರೆ ಹೆದರಬೇಡಿ, ಕುದಿತಕ್ಕೆ ವೈರಸ್ ಉಳಿಯುವುದಿಲ್ಲ. ಆ ಹಸುವಿನ ಹಾಲು ಇನ್ನು ಬಳಸಬೇಡಿ, ಪಶು ವೈದ್ಯರಿಗೆ ತಿಳಿಸಿ. ಹಸಿ ಹಾಲು ಕುಡಿದವರು, ಅದರ ಬಾಯಿಗೆ ಕೈ ಹಾಕಿದವರು ಇವತ್ತೇ ಆಸ್ಪತ್ರೆಗೆ ಹೋಗಿ.

ಹೋದ ವರ್ಷ ನಾಯಿ ಲಸಿಕೆ ಪೂರ್ತಿ ಹಾಕಿಸಿಕೊಂಡಿದ್ದೇನೆ, ಈಗ ಮತ್ತೆ ಕಚ್ಚಿದೆ. ಚೀಟಿ ಇದ್ದರೆ 0 ಮತ್ತು 3ನೇ ದಿನ ಎರಡೇ ಡೋಸ್ ಸಾಕು, ಇಮ್ಯುನೊಗ್ಲೋಬ್ಯುಲಿನ್ ಬೇಡ. ತೊಳೆಯುವುದು ಮಾತ್ರ ಅದೇ 15 ನಿಮಿಷ.

ಮಿದುಳು ಜ್ವರದಿಂದ ಎದ್ದ ಮಗನಿಗೆ ಫಿಟ್ಸ್ ಮಾತ್ರೆ ಎಷ್ಟು ದಿನ? ಅದು ವೈದ್ಯರು ನೋಡಿ ಹೇಳುವ ಮಾತು, ಒಮ್ಮೆಲೇ ನಿಲ್ಲಿಸುವುದು ಮಾತ್ರ ಅಪಾಯ. ಕೆರೆ, ಹೊಳೆಗೆ ಒಬ್ಬನನ್ನೇ ಬಿಡಬೇಡಿ. ಮಾತು, ಕೈ, ನೆನಪಿನಲ್ಲಿ ನ್ಯೂನತೆ ಉಳಿದಿದ್ದರೆ ಫಿಸಿಯೋಥೆರಪಿ ಆಸ್ಪತ್ರೆಯಲ್ಲಿರುವಾಗಲೇ ಶುರುವಾಗಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ದೀರ್ಘಕಾಲದ ನರರೋಗಗಳೂ ಇವೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಲು ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ವರದಿ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯಲು ಒಂದು ಜುಲೈ ಸಾಕು.